ಕೇಳದ ಮಗುವೋ, ಕೇಳಿಸದ ಮಗುವೋ?

ಶಾಲಾ ವರ್ಷ ಮುಗಿಯುವ ದಿನಗಳಲ್ಲಿ, ಭಾನುವಾರದ ಬಲಿಪೂಜೆಯ ಬಳಿಕ ದೇವಾಲಯದ ಅಂಗಳದಲ್ಲಿ ನಡೆಯುವ ಮಾತುಕತೆಗೆ ಕಿವಿಗೊಟ್ಟರೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ನಿಮ್ಮ ಮಗುವಿಗೆ ಯಾವ ಗ್ರೇಡ್ ಬಂತು?" ಪ್ರಶ್ನೆ ಹೈಸ್ಕೂಲಿನ ಮಕ್ಕಳ ಕುರಿತಾಗಿದ್ದರೆ ಅಚ್ಚರಿಪಡಬೇಕಾಗಿರಲಿಲ್ಲ. ಆದರೆ ಅದು ಮೂರು, ನಾಲ್ಕು ವರ್ಷದ, ಇನ್ನೂ ಅಮ್ಮನ ಸೆರಗು ಹಿಡಿದು ನಿಂತಿರುವ ಕಂದಮ್ಮಗಳ ಕುರಿತಾದದ್ದು. ತನ್ನ ಬೆಲೆ ಎಷ್ಟೆಂದು ಹಿರಿಯರು ತೂಗುತ್ತಿರುವುದು ಆ ಮಗುವಿಗೆ ಅರ್ಥವಾಗುವುದಿಲ್ಲ ಎಂದು ನಾವು ಭಾವಿಸುತ್ತೇವೆ. ಅಕ್ಷರ ತಿಳಿಯದ ಮಗುವಿಗೂ ಅಮ್ಮನ ಮುಖ ಓದಲು ಬರುತ್ತದೆ ಎಂಬುದನ್ನು ಮರೆಯುತ್ತೇವೆ.

ಅನೇಕ ವರ್ಷಗಳ ಹಿಂದೆ ನಾವೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ಅಲ್ಲಿನ ಶಿಶುವಿಹಾರದ ವ್ಯವಸ್ಥಾಪಕರೂ ಆಗಿದ್ದೆವು. ಒಂದು ಭಾನುವಾರ ಪೂಜೆಯ ನಂತರ ಒಬ್ಬ ತಾಯಿ ನಾಲ್ಕು ವರ್ಷದ ಮಗನ ಕೈಹಿಡಿದು ಬಂದು ಪ್ರಗತಿಪತ್ರವನ್ನು ನಮ್ಮ ಮುಂದಿಟ್ಟರು. "ಸ್ವಾಮಿ, ಇದನ್ನು ಓದಿ ಇವನ ಅಪ್ಪ ಇವನಿಗೆ ಹೊಡೆದುಬಿಟ್ಟರು" ಎಂದರು. ಪತ್ರದಲ್ಲಿ ಎಲ್ಲ ಕಡೆ 'ಸಿ' ಎಂಬ ಅಕ್ಷರ, ಕೆಳಗೆ ಒಂದು ಸಾಲಿನ ಷರಾ: "ಹೇಳಿದ್ದನ್ನು ಕೇಳುವುದಿಲ್ಲ." ಅದರ ಕೆಳಗೆ ನಮ್ಮದೇ ಸಹಿ. ಒಂದೇ ಬೆಳಿಗ್ಗೆ ಅರವತ್ತು ಪತ್ರಗಳಿಗೆ ಸಹಿ ಮಾಡಿದ್ದೆವು, ಒಂದನ್ನೂ ಓದಿರಲಿಲ್ಲ. ಹುಡುಗ ಅಮ್ಮನ ಬೆನ್ನ ಹಿಂದೆ ನಿಂತು ನಮ್ಮ ತುಟಿಗಳನ್ನೇ ನೋಡುತ್ತಿದ್ದ. ಅದನ್ನೂ ನಾವು ಆ ದಿನ ಗಮನಿಸಲಿಲ್ಲ. "ಮುಂದಿನ ವರ್ಷ ಸರಿಹೋಗುತ್ತಾನೆ, ಹೊಡೆಯಬೇಡಿ ಎಂದು ಹೇಳಿ" ಎಂದು ಸಮಾಧಾನಪಡಿಸಿ ಕಳುಹಿಸಿದೆವು.

ಜೂನ್ ತಿಂಗಳಲ್ಲಿ ಶಾಲೆಗೆ ಹೊಸದಾಗಿ ಬಂದ ಸಿಸ್ಟರೊಬ್ಬರು ಮೊದಲ ವಾರ ಕಲಿಸಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಸಹಶಿಕ್ಷಕಿಗೆ ತರಗತಿಯನ್ನು ಒಪ್ಪಿಸಿ, ದಿನಕ್ಕೆ ಸ್ವಲ್ಪ ಹೊತ್ತು ಮೂಲೆಯ ಚಿಕ್ಕ ಬೆಂಚಿನ ಮೇಲೆ ಪುಟ್ಟ ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ಆ ಹುಡುಗನ ಬಗ್ಗೆ ಅವರು ಬರೆದುಕೊಂಡದ್ದು ಇಷ್ಟೇ. ಸೋಮವಾರ: ಹಿಂದಿನಿಂದ ಎರಡು ಸಲ ಹೆಸರು ಕರೆದೆ, ತಿರುಗಲಿಲ್ಲ, ಎದುರು ಬಂದು ಕರೆದೆ, ಓಡಿಬಂದ. ಬುಧವಾರ: ಅಭಿನಯಗೀತೆಯಲ್ಲಿ ಪಕ್ಕದವಳ ಕೈ ನೋಡಿ, ಒಂದು ಕ್ಷಣ ತಡವಾಗಿ ತಾನೂ ಕೈ ಎತ್ತಿದ. ಶುಕ್ರವಾರ: ಕಥೆ ಹೇಳುವಾಗ ತಲೆಯನ್ನು ಓರೆಮಾಡಿ ಎಡಕಿವಿ ಮುಂದೆ ತಂದ, ಸ್ವಲ್ಪ ಹೊತ್ತಿನಲ್ಲೇ ಎದ್ದು ಕಿಟಕಿಯ ಬಳಿ ಹೋದ.

ಮೂರು ದಿನ, ಮೂರು ಟಿಪ್ಪಣಿ. ಅವರು ತಾಯಿಯನ್ನು ಕರೆಸಿ, ಬರೆದದ್ದನ್ನು ಓದಿ ಹೇಳಿ, ಕಿವಿಯ ವೈದ್ಯರ ಬಳಿಗೆ ಕಳುಹಿಸಿದರು. ಪದೇ ಪದೇ ಬರುತ್ತಿದ್ದ ಶೀತದಿಂದ ಎರಡೂ ಮಧ್ಯಕಿವಿಗಳಲ್ಲಿ ದ್ರವ ತುಂಬಿಕೊಂಡಿತ್ತು. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯವಾದ ತೊಂದರೆ. ನೋವಿಲ್ಲದೆಯೂ ಇರಬಹುದು, ಒಂದು ವಾರ ಹೆಚ್ಚಾಗಿ ಮತ್ತೊಂದು ವಾರ ಕಡಿಮೆಯೂ ಆಗಬಹುದು. ಆದ್ದರಿಂದಲೇ ಮಗು ಕೆಲವೊಮ್ಮೆ ಕೇಳಿಸಿಕೊಳ್ಳುತ್ತದೆ, ಕೆಲವೊಮ್ಮೆ ಇಲ್ಲ. ಹಿರಿಯರು ಅದನ್ನು ಹಠವೆಂದು ತಿಳಿಯುತ್ತಾರೆ. "ಹೇಳಿದ್ದನ್ನು ಕೇಳುವುದಿಲ್ಲ" ಎಂದು ಬರೆದ ಶಿಕ್ಷಕಿ ಸುಳ್ಳು ಬರೆದಿರಲಿಲ್ಲ. ನಮ್ಮ ಕನ್ನಡದ 'ಕೇಳು' ಎಂಬ ಒಂದೇ ಪದಕ್ಕೆ ವಿಧೇಯತೆ ಎಂಬ ಅರ್ಥವೂ ಉಂಟು, ಕಿವಿಯ ಕೆಲಸ ಎಂಬ ಅರ್ಥವೂ ಉಂಟು. ನಾವು ಮೊದಲನೆಯದನ್ನು ಓದಿಕೊಂಡೆವು. ಮಗುವಿನ ಬೆನ್ನಿಗೆ ಪೆಟ್ಟು ಬಿತ್ತು.

ನೋಡುವುದು ಬೇರೆ, ತೀರ್ಪು ಕೊಡುವುದು ಬೇರೆ

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ತರ್ಕದ ಮೊದಲ ಪಾಠವಾಗಿ ನಮಗೆ ಬುದ್ಧಿಯ ಮೂರು ಕ್ರಿಯೆಗಳನ್ನು ಕಲಿಸಿದ್ದರು: ಗ್ರಹಿಸುವುದು, ತೀರ್ಪು ಮಾಡುವುದು, ಆ ತೀರ್ಪುಗಳಿಂದ ಮುಂದಿನ ನಿರ್ಣಯಕ್ಕೆ ಸಾಗುವುದು. ಮೊದಲನೆಯದು ಸರಿಯಾಗಿ ನಡೆಯದಿದ್ದರೆ ಉಳಿದೆರಡು ಎಷ್ಟೇ ಚುರುಕಾಗಿದ್ದರೂ ದಾರಿ ತಪ್ಪುತ್ತವೆ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದೆವು. ಅದರ ನಿಜವಾದ ಅರ್ಥ ತಿಳಿದದ್ದು ಆ ಸಿಸ್ಟರ್ ಅವರ ನೋಟ್‌ಬುಕ್ ಕಂಡಾಗ.

"ಹಠಮಾರಿ", "ಸೋಮಾರಿ", "ಗಮನವಿಲ್ಲ", "ಜಾಣೆ" ಇವೆಲ್ಲ ತೀರ್ಪುಗಳು. "ತಟ್ಟೆ ಮುಂದಿಟ್ಟಾಗ ಎರಡು ಸಲ ದೂರ ತಳ್ಳಿದಳು, ಮೂರನೆಯ ಸಲ ಅನ್ನವನ್ನು ಬದಿಗೆ ಸರಿಸಿ ಮೊಟ್ಟೆ ಮಾತ್ರ ತಿಂದಳು" ಎಂಬುದು ಕಂಡದ್ದು. ಮೊದಲಿನವು ಬಾಗಿಲನ್ನು ಮುಚ್ಚುತ್ತವೆ. ಎರಡನೆಯದು ಪ್ರಶ್ನೆಯೊಂದನ್ನು ತೆರೆಯುತ್ತದೆ. ಹೊಗಳಿಕೆಯ ತೀರ್ಪಿಗೂ ಇದೇ ಮಾತು ಅನ್ವಯಿಸುತ್ತದೆ. 'ಜಾಣೆ' ಎಂದು ಬರೆದುಬಿಟ್ಟ ಮಗುವನ್ನು ಆಮೇಲೆ ಯಾರೂ ನೋಡುವುದಿಲ್ಲ.

ನೋಡುವುದನ್ನೇ ಶಿಕ್ಷಣದ ಬುನಾದಿಯಾಗಿ ಇಟ್ಟ ಮಹಿಳೆ ಮಾರಿಯಾ ಮಾಂಟೆಸ್ಸರಿ. 1870ರಲ್ಲಿ ಇಟಲಿಯಲ್ಲಿ ಜನಿಸಿ, 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಈ ಕಥೋಲಿಕ ಮಹಿಳೆ ಶಿಕ್ಷಕಿಯಾಗಿ ಅಲ್ಲ, ವೈದ್ಯೆಯಾಗಿ ಮಕ್ಕಳ ಬಳಿಗೆ ಬಂದವರು. ಬುದ್ಧಿಮಾಂದ್ಯರೆಂದು ಮೂಲೆಗುಂಪಾಗಿದ್ದ ಮಕ್ಕಳಿಗಾಗಿ ದುಡಿದ ಇಟಾರ್ಡ್ ಮತ್ತು ಸೆಗ್ಯಾನ್ ಎಂಬ ಇಬ್ಬರು ಫ್ರೆಂಚ್ ವೈದ್ಯರ ಬರಹಗಳನ್ನು ಅವರು ತಮ್ಮ ಕೈಯಾರೆ ಇಟಾಲಿಯನ್ ಭಾಷೆಗೆ ಬರೆದುಕೊಂಡು ಓದಿದರು. ರೋಗಿಯನ್ನು ನೋಡದೆ ಔಷಧಿ ಬರೆಯದ ವೈದ್ಯರ ಶಿಸ್ತನ್ನು ತರಗತಿಗೆ ತಂದರು. 1907ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನವೇ, ರೋಮ್ ನಗರದ ಸ್ಯಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ 'ಮಕ್ಕಳ ಮನೆ' ಆರಂಭವಾಯಿತು. ಅಲ್ಲಿದ್ದವರು ಹಗಲಿಡೀ ದುಡಿಯಲು ಹೋಗುತ್ತಿದ್ದ ತಂದೆತಾಯಿಯರ, ಇನ್ನೂ ಶಾಲೆಯ ವಯಸ್ಸಾಗದ ಮಕ್ಕಳು.

ಅಲ್ಲಿ ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಮರದ ಚಿಕ್ಕ ದೊಡ್ಡ ಸಿಲಿಂಡರುಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸುತ್ತಿದ್ದಳು. ತೆಗೆಯುವುದು, ಬೆರೆಸುವುದು, ಮತ್ತೆ ಕೂರಿಸುವುದು. ಮಾಂಟೆಸ್ಸರಿ ಎಣಿಸತೊಡಗಿದರು. ಉಳಿದ ಮಕ್ಕಳನ್ನು ಹಾಡಿಸಿದರು. ಅವಳು ತಲೆ ಎತ್ತಲಿಲ್ಲ. ಅವಳನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲೆ ಇರಿಸಿದರು. ಸಿಲಿಂಡರುಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಬಾರಿ ಮಾಡಿದ ಮೇಲೆ, ನಿದ್ದೆಯಿಂದ ಎದ್ದವಳಂತೆ ಸುತ್ತ ನೋಡಿ, ಸಂತೋಷದಿಂದ ತಾನಾಗಿ ನಿಲ್ಲಿಸಿದಳು. ಚಿಕ್ಕ ಮಕ್ಕಳಿಗೆ ಏಕಾಗ್ರತೆ ಇಲ್ಲವೆಂಬುದು ಅಂದಿನವರ ನಂಬಿಕೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು, ಪುಟ್ಟ ಹುಡುಗಿಯೊಬ್ಬಳನ್ನು ತಡೆಯದೆ ಎಣಿಸುತ್ತ ಕುಳಿತವರ ತಾಳ್ಮೆ. ನಮ್ಮ ಮನೆಗಳಲ್ಲಿ ಮಗುವೊಂದು ಡಬ್ಬಿಯ ಮುಚ್ಚಳವನ್ನು ಹತ್ತನೆಯ ಸಲ ತೆಗೆದು ಹಾಕಿದರೆ ನಾವೇನು ಮಾಡುತ್ತೇವೆ? ಡಬ್ಬಿಯನ್ನು ಕಿತ್ತುಕೊಂಡು ಅಟ್ಟದ ಮೇಲಿಡುತ್ತೇವೆ.

ನಮ್ಮ ನೆಲದಲ್ಲಿ

ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೆ ಬಂದರು. ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದ ಮೇಲೆ ಬ್ರಿಟಿಷ್ ಸರ್ಕಾರದ ನಿರ್ಬಂಧಕ್ಕೆ ಒಳಗಾದರು. ಕೊಡೈಕೆನಾಲಿನಲ್ಲಿ ಕೆಲವು ವರ್ಷ ಕಳೆದರು. ಅವರಿಗಿಂತ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರವನ್ನು ತೆರೆದಿದ್ದರು. ವಕೀಲಿ ಬಿಟ್ಟು ಮಕ್ಕಳ ನಡುವೆ ಕುಳಿತ ಅವರಿಗೆ 'ಮೀಸೆಯ ಅಮ್ಮ' ಎಂಬ ಪ್ರೀತಿಯ ಹೆಸರೇ ಬಿದ್ದಿತ್ತು. ಅವರ ಜೊತೆಗೆ ದುಡಿದ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಅನಂತರ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರೊಡನೆ ಬಡವರ, ಆದಿವಾಸಿಗಳ ಮನೆಯಂಗಳಕ್ಕೇ ಶಿಶುಶಾಲೆಯನ್ನು ಒಯ್ದರು. ದುಬಾರಿ ಉಪಕರಣಗಳ ಬದಲು ಬೀಜ, ಎಲೆ, ಕಲ್ಲು, ಚಿಪ್ಪುಗಳು ಬಂದವು. ಅಂಗಳದ ಆ ಶಾಲೆಯೇ 'ಅಂಗನವಾಡಿ'.

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಯ ಕಾರ್ಯಕರ್ತೆ ಮಾಡುತ್ತ ಬಂದಿರುವ ಒಂದು ಕೆಲಸದಲ್ಲಿ ಮಗುವನ್ನು ನೋಡುವ, ಯೋಜಿಸುವ, ಅಳೆಯುವ ಇಡೀ ಕಲೆ ಅಡಗಿದೆ. ಅದೇ ಬೆಳವಣಿಗೆಯ ನಕ್ಷೆ.

ಈ ನಕ್ಷೆಯನ್ನು ಜನಪ್ರಿಯಗೊಳಿಸಿದವರು ನೈಜೀರಿಯದ ಹಳ್ಳಿಯಲ್ಲಿ ಸೇವೆ ಸಲ್ಲಿಸಿದ ಇಂಗ್ಲಿಷ್ ವೈದ್ಯ ಡೇವಿಡ್ ಮಾರ್ಲಿ. ತಿಂಗಳು ತಿಂಗಳು ಮಗುವನ್ನು ತೂಗಿ ಒಂದು ಚುಕ್ಕೆ ಇಡಬೇಕು; ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯಬೇಕು; ಆ ಕಾರ್ಡು ತಾಯಿಯ ಬಳಿಯೇ ಇರಬೇಕು. ನಮ್ಮ ಅಂಗನವಾಡಿಗಳ ನಕ್ಷೆಯಲ್ಲಿ ಹಸಿರು, ಹಳದಿ, ಕಿತ್ತಳೆ ಎಂಬ ಪಟ್ಟೆಗಳಿವೆ. ನೋಡುವವರು ಸಾಮಾನ್ಯವಾಗಿ 'ಯಾವ ಬಣ್ಣದಲ್ಲಿದೆ?' ಎಂದು ಕೇಳುತ್ತಾರೆ. ಅನುಭವಿ ಕಾರ್ಯಕರ್ತೆ 'ಗೆರೆ ಯಾವ ಕಡೆಗೆ ಹೋಗುತ್ತಿದೆ?' ಎಂದೂ ಕೇಳುತ್ತಾಳೆ. ಹಸಿರಿನಲ್ಲೇ ಇದ್ದರೂ ಮೂರು ತಿಂಗಳಿಂದ ಮಲಗಿರುವ ಗೆರೆ ಅಪಾಯದ ಸೂಚನೆ. ಹಳದಿಯಲ್ಲಿದ್ದರೂ ಮೇಲೇರುತ್ತಿರುವ ಗೆರೆ ಭರವಸೆಯ ಸೂಚನೆ. ಒಂದು ಚುಕ್ಕೆ ಇಂದಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಮಗುವಿನ ಕಥೆ ಗೆರೆಯಲ್ಲಿದೆ. ಆ ಗೆರೆ ಮಗುವನ್ನು ಹೋಲಿಸುವುದು ಅದರದೇ ನಿನ್ನೆಯೊಂದಿಗೆ.

ಶರೀರದ ಬೆಳವಣಿಗೆಗೆ ಸಲ್ಲುವ ಈ ವಿವೇಕ ಬುದ್ಧಿ, ಭಾಷೆ, ಸ್ನೇಹಗಳ ಬೆಳವಣಿಗೆಗೂ ಸಲ್ಲಬೇಡವೇ? ನಮ್ಮ ಪ್ರಗತಿಪತ್ರಗಳು ವರ್ಷಕ್ಕೆ ಒಂದೆರಡು ಚುಕ್ಕೆ ಇಟ್ಟು, ಪಕ್ಕದ ಮಗುವಿನ ಚುಕ್ಕೆಯೊಂದಿಗೆ ಹೋಲಿಸಿ ಕೈತೊಳೆದುಕೊಳ್ಳುತ್ತವೆ. ಮಗು ಮಗುವಿಗೂ ವ್ಯತ್ಯಾಸ ಎಷ್ಟು ಸಹಜ ಎಂಬುದಕ್ಕೆ ಒಂದು ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೆಹಲಿಯೂ ಸೇರಿದಂತೆ ಹಲವು ದೇಶಗಳ ಆರೋಗ್ಯವಂತ ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಆಸರೆಯಿಲ್ಲದೆ ನಡೆಯಲು ಕಲಿಯುವ ಸಹಜ ಅವಧಿ ಸುಮಾರು 8 ತಿಂಗಳಿಂದ 17 ತಿಂಗಳು ದಾಟುವವರೆಗೂ ಹರಡಿದೆ. ಹದಿನಾರು ತಿಂಗಳಿಗೆ ಹೆಜ್ಜೆ ಇಟ್ಟ ಮಗು ನಾಲ್ಕನೆಯ ವರ್ಷಕ್ಕೆ ಓಟದಲ್ಲಿ ಹಿಂದೆ ಬೀಳಬೇಕೆಂದಿಲ್ಲ.

ಕಂಡದ್ದರಿಂದ ನಾಳೆಯ ಕೆಲಸ

ನೋಡಿ ಬರೆದಿಟ್ಟರೆ ಸಾಲದು. ಕಂಡದ್ದು ನಾಳೆಯ ಬೆಳಗಿನ ಕೆಲಸವನ್ನು ಬದಲಾಯಿಸಬೇಕು. ಇಲ್ಲವಾದರೆ ನೋಟ್‌ಬುಕ್ಕು ಕೇವಲ ಕಾಗದ. ಆ ಸಿಸ್ಟರ್ ಅವರ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರು. ದಿನಕ್ಕೆ ಇಬ್ಬರನ್ನು ಆರಿಸಿಕೊಂಡು, ಬಂದಾಗ, ಆಟದಲ್ಲಿ, ಊಟದಲ್ಲಿ, ಕಥೆಯ ಹೊತ್ತಿನಲ್ಲಿ ಅವರನ್ನು ಗಮನಿಸುತ್ತಿದ್ದರು. ತಿಂಗಳೊಳಗೆ ಪ್ರತಿಯೊಂದು ಮಗುವಿನ ಸರದಿಯೂ ಬರುತ್ತಿತ್ತು. ದಿನಾಂಕ, ಹೊತ್ತು, ಮಾಡಿದ್ದು, ಆಡಿದ ಮಾತು, ಇಷ್ಟೇ ಬರಹ. ಪುಟದ ಕೊನೆಯಲ್ಲಿ ಒಂದು ಸಾಲು: 'ಮುಂದೇನು?'

ಒಬ್ಬಳು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. 'ಮುಂದೇನು?' ಎಂಬಲ್ಲಿ 'ಅ ಅಕ್ಷರವನ್ನು ಹತ್ತು ಸಲ ಬರೆಸುವುದು' ಎಂದು ಇರಲಿಲ್ಲ. 'ಹಿಟ್ಟು ನಾದಲಿ, ಮಣಿ ಪೋಣಿಸಲಿ, ಅವರೆಕಾಳು ಹಿತುಕಲಿ' ಎಂದಿತ್ತು. ಡಿಸೆಂಬರ್ ತಿಂಗಳಲ್ಲಿ ನಮ್ಮ ಅಡುಗೆಮನೆಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಂದ ಮಾಡಿಸುವ ಹಿತಕಿದ ಬೇಳೆಯ ಕೆಲಸ ಹೆಬ್ಬೆರಳು ತೋರುಬೆರಳುಗಳಿಗೆ ಒಳ್ಳೆಯ ಪಾಠ. ಕಿವಿ ಮಂದವಾಗಿದ್ದ ನಮ್ಮ ಹುಡುಗನಿಗೆ ಅವರು ಬರೆದ ಯೋಜನೆಯೂ ಸರಳ: ಮುಂದಿನ ಸಾಲಿನಲ್ಲಿ ಕೂರಿಸುವುದು, ಹೆಸರು ಕರೆದು, ಅವನು ನೋಡಿದ ಮೇಲೆ ಮಾತಾಡುವುದು, ಕಥೆಗೆ ಚಿತ್ರ ತೋರಿಸುವುದು, ತಿಂಗಳ ಬಳಿಕ ಮತ್ತೆ ನೋಡುವುದು. ರಷ್ಯದ ಮನಃಶಾಸ್ತ್ರಜ್ಞ ವೈಗೋಟ್ಸ್ಕಿ ಕಳೆದ ಶತಮಾನದ ಮೂವತ್ತರ ದಶಕದಲ್ಲೇ ತೋರಿಸಿದಂತೆ, ಮಗು ಇಂದು ನಮ್ಮ ಕೈಹಿಡಿದು ಮಾಡಬಲ್ಲ ಕೆಲಸವೇ ನಾಳೆ ಅದು ತಾನಾಗಿ ಮಾಡುವ ಕೆಲಸ. ಆ ಗಡಿ ಎಲ್ಲಿದೆ ಎಂದು ತಿಳಿಯಲು ಪಕ್ಕದಲ್ಲಿ ಕುಳಿತು ನೋಡಬೇಕಾಗುತ್ತದೆ.

ಅಳೆಯುವ ವಿಷಯದಲ್ಲಿ ದೇಶದ ನೀತಿಯೂ ಇಂದು ಇದೇ ದಾರಿ ಹಿಡಿದಿದೆ. ನರ್ಸರಿ ಪ್ರವೇಶಕ್ಕಾಗಿ ಮಕ್ಕಳಿಗೆ ಪರೀಕ್ಷೆ, ಸಂದರ್ಶನ ನಡೆಸುವುದು ನಿಲ್ಲಬೇಕೆಂದು ಯಶ್‌ಪಾಲ್ ಸಮಿತಿ 1993ರಲ್ಲೇ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. 2022ರ ಅಕ್ಟೋಬರಿನಲ್ಲಿ ಆ ಹಂತಕ್ಕಾಗಿ ಪ್ರಕಟವಾದ ಪಠ್ಯಕ್ರಮ ಚೌಕಟ್ಟು, ಲಿಖಿತ ಪರೀಕ್ಷೆಗಳು ಈ ವಯಸ್ಸಿಗೆ ತಕ್ಕವಲ್ಲವೆಂದು ಸ್ಪಷ್ಟಪಡಿಸಿ, ಮಗುವನ್ನು ಗಮನಿಸುವುದು ಮತ್ತು ಮಗು ಬರೆದ, ಕಟ್ಟಿದ, ಮಾಡಿದ ವಸ್ತುಗಳನ್ನು ಪರಿಶೀಲಿಸುವುದು, ಇವೆರಡನ್ನೇ ಮುಖ್ಯ ವಿಧಾನಗಳಾಗಿ ಸೂಚಿಸಿದೆ. ಆದರೂ ತಿಂಗಳ ಟೆಸ್ಟ್ ಇಲ್ಲದ ಎಲ್.ಕೆ.ಜಿ.ಯನ್ನು ಶಾಲೆಯೆಂದು ಒಪ್ಪಲು ನಾವು ಪೋಷಕರು, ನಾವು ವ್ಯವಸ್ಥಾಪಕರು ಇನ್ನೂ ಸಿದ್ಧರಿಲ್ಲ. ಇದು ನಮ್ಮ ಆತ್ಮಪರೀಕ್ಷೆಗೆ ತಕ್ಕ ವಿಷಯ.

ಇನ್ನೊಂದು ಎಚ್ಚರಿಕೆಯೂ ಬೇಕು. ಗಮನಿಸಿ ಬರೆಯುವುದೇ ದೊಡ್ಡ ಕೆಲಸವಾಗಿ ಮಗುವೇ ಮರೆತುಹೋಗುವ ಅಪಾಯವೂ ಉಂಟು. ಇಂಗ್ಲೆಂಡಿನಲ್ಲಿ 2008ರಿಂದ ಶಿಶುಶಾಲೆಗಳಿಗೆ ಒಂದು ಶಾಸನಬದ್ಧ ಚೌಕಟ್ಟು ಜಾರಿಯಲ್ಲಿದೆ. ಶಿಕ್ಷಕಿಯರು ಪ್ರತಿ ಮಗುವಿನ ಪ್ರತಿ ಚಲನೆಗೂ ಸಾಕ್ಷ್ಯ ಕೂಡಿಡುವ ಭರದಲ್ಲಿ ಬರಹದ ಹೊರೆ ಹೆಚ್ಚಿತೆಂಬ ದೂರು ಬೆಳೆಯಿತು. 2021ರಲ್ಲಿ ಅದನ್ನು ಪರಿಷ್ಕರಿಸಿದಾಗ, ಮಕ್ಕಳೊಂದಿಗಿನ ಒಡನಾಟವನ್ನು ಬಹುಕಾಲ ತುಂಡರಿಸುವಂಥ, ಅತಿಯಾದ ಕಾಗದಪತ್ರ ಬೇಡುವಂಥ ಮೌಲ್ಯಮಾಪನ ಸಲ್ಲದೆಂಬ ಸೂಚನೆಗೆ ಒತ್ತುಕೊಡಬೇಕಾಯಿತು. ನಮ್ಮ ಅಂಗನವಾಡಿ ಕಾರ್ಯಕರ್ತೆಯರು ಪುಸ್ತಕಗಳ ಜೊತೆಗೆ 2021ರಿಂದ ಮೊಬೈಲಿನ ಪೋಷಣ್ ಟ್ರ್ಯಾಕರ್ ಅನ್ನೂ ತುಂಬುತ್ತಿದ್ದಾರೆ. ತುಂಬುವ ಕೈಗಳಿಗೆ ಮಗುವಿನ ತಲೆ ಸವರಲು ಬಿಡುವು ಉಳಿಯಬೇಕಾದದ್ದು ಅಗತ್ಯ.

ಮನೆಯೂ ಒಂದು ಶಿಶುವಿಹಾರ

ಶಿಕ್ಷಕಿ ದಿನಕ್ಕೆ ಕೆಲವು ಗಂಟೆ ಮಾತ್ರ ಮಗುವನ್ನು ಕಾಣುತ್ತಾಳೆ. ಉಳಿದ ಹೊತ್ತು ಅದು ನಮ್ಮ ಕಣ್ಣ ಮುಂದೆಯೇ ಇದೆ. ಆದ್ದರಿಂದ ತಂದೆತಾಯಿಯರಲ್ಲಿ ನಮ್ಮ ಕೆಲವು ವಿನಂತಿಗಳು.

ವಾರಕ್ಕೊಮ್ಮೆ ಹತ್ತು ನಿಮಿಷ, ಮೊಬೈಲನ್ನು ದೂರವಿಟ್ಟು, ಏನನ್ನೂ ಕಲಿಸದೆ, ತಿದ್ದದೆ, ನಿಮ್ಮ ಮಗು ಆಡುವುದನ್ನು ನೋಡಿರಿ. ಕಂಡದ್ದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಎರಡು ಪದಗಳಲ್ಲಿ ಬರೆದಿಡಿರಿ. ಶಾಲೆಗೆ ಹೋದಾಗ 'ಎಷ್ಟು ಅಂಕ?' ಎನ್ನುವ ಬದಲು 'ಈ ತಿಂಗಳು ಇವಳಲ್ಲಿ ಹೊಸದಾಗಿ ಏನು ಕಂಡಿರಿ?' ಎಂದು ವಿಚಾರಿಸಿರಿ. ಅಣ್ಣನೊಂದಿಗೆ, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಅದರ ಎದುರಲ್ಲೇ ಮಾತಾಡುವುದನ್ನು ಬಿಡಿರಿ.

ತಾಳ್ಮೆಯೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ಕರೆದರೆ ತಿರುಗದಿದ್ದರೆ, ಮಾತು ತಡವಾದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ, ಕಲಿತದ್ದನ್ನು ಮರೆಯುತ್ತ ಹೋದರೆ 'ದೊಡ್ಡವನಾದ ಮೇಲೆ ಸರಿಹೋಗುತ್ತಾನೆ' ಎನ್ನುತ್ತ ದಿನ ತಳ್ಳಬೇಡಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ವ್ಯವಸ್ಥೆ ಇದೆ. ಮಾತು ಮತ್ತು ಕಿವಿಯ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಈ ವಯಸ್ಸಿನಲ್ಲಿ ಕಳೆದುಹೋಗುವ ಆರು ತಿಂಗಳು ದೊಡ್ಡವರ ಆರು ತಿಂಗಳಿನಂತಲ್ಲ. ಮಗು ಭಾಷೆ ಕಲಿಯುವುದೇ ಆಗ.

ಆ ಹುಡುಗನಿಗೆ ಚಿಕಿತ್ಸೆಯಾಯಿತು. ಕೆಲವು ತಿಂಗಳಲ್ಲಿ ಕಿವಿ ತಿಳಿಯಾಯಿತು. ಅವನ ತಂದೆ ಒಂದು ಸಂಜೆ ನಮ್ಮಲ್ಲಿಗೆ ಬಂದು ಬಹಳ ಹೊತ್ತು ಏನೂ ಮಾತಾಡದೆ ಕುಳಿತಿದ್ದರು. ಹೊಡೆದ ಕೈ ಅವರದಾದರೂ ಸಹಿ ಮಾಡಿದ ಕೈ ನಮ್ಮದೇ ಎಂದು ಅವರಿಗೆ ಹೇಳಿದೆವು. ಅಂದಿನಿಂದ ಓದದೆ ಯಾವ ಮಗುವಿನ ಪತ್ರಕ್ಕೂ ನಾವು ಸಹಿ ಮಾಡಿಲ್ಲ.

ಮರುವರ್ಷ ಮಾರ್ಚ್ ತಿಂಗಳಲ್ಲಿ ಸಿಸ್ಟರ್ ಕಳುಹಿಸಿದ ಪತ್ರದಲ್ಲಿ ಗ್ರೇಡುಗಳಿರಲಿಲ್ಲ. ಪ್ರತಿ ಮಗುವಿನ ಹೆಸರಿನ ಕೆಳಗೆ ಕಂಡದ್ದನ್ನು ಮಾತ್ರ ನಾಲ್ಕೈದು ಸಾಲುಗಳಲ್ಲಿ ಬರೆದಿದ್ದರು. ಹಿಂದಿನ ವರ್ಷ 'ಕೇಳುವುದಿಲ್ಲ' ಎಂಬ ಷರಾ ಇದ್ದ ಹುಡುಗನ ಪತ್ರದ ಕೊನೆಯ ಸಾಲು ಇಂದಿಗೂ ನಮ್ಮ ನೆನಪಿನಲ್ಲಿದೆ: "ಕಥೆ ನಿಲ್ಲಿಸಿದಾಗ ನನ್ನ ಸೆರಗು ಹಿಡಿದು, 'ಆಮೇಲೆ ಏನಾಯಿತು?' ಎಂದು ಕೇಳಿದ."